ಮೊದಲ ದೂರದರ್ಶಕ ಮೇಜಿನ ಮೇಲಿಡುವಂಥದ್ದೇ ಆಗಬೇಕೆ?

ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಹಾಸನದಲ್ಲಿ ಶುರುವಾದದ್ದು 1982ರಲ್ಲಿ. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ಅಲ್ಲಿಂದ ನಡೆಸುತ್ತಾರೆ. ಅಂಥ ಜಿಲ್ಲೆಯ ಮಕ್ಕಳು ಶನಿಯ ಬಳೆಯನ್ನು ಪಠ್ಯಪುಸ್ತಕದ ಚಿತ್ರದಲ್ಲಷ್ಟೇ ಕಂಡು ಬೆಳೆಯಬಾರದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಒಂದು ಪ್ರೌಢಶಾಲೆ ಮೊದಲ ಸಲ ದೂರದರ್ಶಕ ಕೊಳ್ಳುವಾಗ, ಮೇಜಿನ ಮೇಲಿಡುವ ಪುಟ್ಟ ಕನ್ನಡಿ ದೂರದರ್ಶಕವನ್ನೇ ಆರಿಸಬೇಕೆ?

ಪರ: ದುಡ್ಡು ಕನ್ನಡಿಗೆ ಹೋಗಲಿ

ದೂರದರ್ಶಕ ಮೊದಲು ಬೆಳಕು ಹಿಡಿಯಬೇಕು. ದೊಡ್ಡದು ಮಾಡಿ ತೋರಿಸುವುದು ಆಮೇಲಿನ ಮಾತು. ಪೆಟ್ಟಿಗೆಯ ಮೇಲೆ ‘500 ಪಟ್ಟು’ ಎಂದು ಅಚ್ಚು ಹಾಕಿದ ಸಪೂರ ಕೊಳವೆಗಳಿಗೆ ಮರುಳಾಗಬೇಡಿ. 70 ಮಿ.ಮೀ. ಮಸೂರಕ್ಕಿಂತ 130 ಮಿ.ಮೀ. ಕನ್ನಡಿಯ ವಿಸ್ತಾರ ಸುಮಾರು ಮೂರೂವರೆ ಪಟ್ಟು. ನಡುವಿನ ಚಿಕ್ಕ ಕನ್ನಡಿ ತಡೆಯುವ ಬೆಳಕನ್ನು ಕಳೆದರೂ ಎರಡೂವರೆ ಪಟ್ಟಿಗೆ ಮೋಸವಿಲ್ಲ. ಮಸೂರವಾದರೆ ಎರಡು ಗಾಜು, ನಾಲ್ಕು ಮುಖ ಉಜ್ಜಬೇಕು. ಕನ್ನಡಿಗೆ ಒಂದೇ ಮುಖ ಸಾಕು. 1668ರಲ್ಲಿ ನ್ಯೂಟನ್ ಕನ್ನಡಿಯ ದಾರಿ ಹಿಡಿದದ್ದು ಮಸೂರದ ಅಂಚಿನಲ್ಲಿ ಏಳುವ ಬಣ್ಣದ ಕಾಟ ತಪ್ಪಿಸಲು. ಆ ಲಾಭ ಇಂದಿಗೂ ನಮ್ಮದೇ.

ಪೀಠದ ವಿಷಯದಲ್ಲಿ ನಮ್ಮ ಊರೇ ಉತ್ತರ ಹೇಳುತ್ತದೆ. ಧ್ರುವ ನಕ್ಷತ್ರಕ್ಕೆ ಗುರಿಯಿಟ್ಟು ಕೂರಿಸುವ ಪೀಠಗಳು ತೂಕದವು, ದುಬಾರಿ. ಹಾಸನದ ಅಕ್ಷಾಂಶ 13 ಡಿಗ್ರಿ, ಹಾಗಾಗಿ ಇಲ್ಲಿ ಧ್ರುವ ಏಳುವುದೂ 13 ಡಿಗ್ರಿಯಷ್ಟೇ. ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ ನಿಂತವರಿಗೆ ಅದು ಗರಿಗಳ ಹಿಂದೆ ಮರೆ. ಅಮೆರಿಕದ ಜಾನ್ ಡಾಬ್ಸನ್ ಜನಪ್ರಿಯಗೊಳಿಸಿದ ಮರದ ತಿರುಗುಪೀಠಕ್ಕೆ ಧ್ರುವದ ಹಂಗಿಲ್ಲ: ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ಕೈಯಲ್ಲೇ ತಳ್ಳಿದರೆ ಆಯಿತು. 2009ರ ಅಂತರರಾಷ್ಟ್ರೀಯ ಖಗೋಳ ವರ್ಷಕ್ಕೆಂದು ಹೊರತಂದ 76 ಮಿ.ಮೀ. ಫಸ್ಟ್‌ಸ್ಕೋಪ್ ಈ ಮಾದರಿಯನ್ನು ಲೋಕಕ್ಕೆಲ್ಲ ಪರಿಚಯಿಸಿತು. ಇಂದು ಕೊಳ್ಳುವುದಾದರೆ 114 ಅಥವಾ 130 ಮಿ.ಮೀ.ಗೆ ಹೋಗಿ, ಕನ್ನಡಿ ಪ್ಯಾರಾಬೋಲ ಆಕಾರದ್ದೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

650 ಮಿ.ಮೀ. ಸಂಗಮ ದೂರದ ಕನ್ನಡಿಗೆ 25 ಮಿ.ಮೀ. ಕಣ್ಣುಮಸೂರ ಹಾಕಿದರೆ 26 ಪಟ್ಟು. ಕೃತ್ತಿಕೆ ಪೂರ್ತಿ ನೋಟದೊಳಗೆ ಬರುತ್ತದೆ. 10 ಮಿ.ಮೀ. ಹಾಕಿದರೆ 65 ಪಟ್ಟು. ಶನಿಯ ಬಳೆ ಗೋಳದಿಂದ ಬೇರೆಯಾಗಿ ನಿಲ್ಲುತ್ತದೆ, ಗುರುವಿನ ನಾಲ್ಕು ಚಂದ್ರರು ಸಾಲಾಗಿ ಕಾಣುತ್ತಾರೆ. ಮಳೆ ಹಿಡಿಯುವ ಮುಂಚೆ, ಮೇ ತಿಂಗಳ ರಾತ್ರಿ, ದಕ್ಷಿಣಕ್ಕೆ ತಿರುಗಿಸಿ. ಒಮೇಗ ಸೆಂಟಾರಿ ಎಂಬ ಲಕ್ಷಾಂತರ ನಕ್ಷತ್ರಗಳ ಗುಚ್ಛ ಸುಮಾರು 30 ಡಿಗ್ರಿ ಎತ್ತರಕ್ಕೆ ಏರಿರುತ್ತದೆ. ಯುರೋಪಿನ ಬಹುಪಾಲು ಜನರಿಗೆ ಅದು ಉದಯಿಸುವುದೇ ಇಲ್ಲ.

ಇಡೀ ಸಾಧನ ಆರು ಕಿಲೋ ಆಸುಪಾಸು. ಕೆಂಪು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅರಕಲಗೂಡಿನಿಂದ ಹಳ್ಳಿಗೆ ಒಯ್ಯಬಹುದು. ಸೂರ್ಯ ಮುಳುಗಿದ ಮೇಲೆ, ಬೆಳಕು ಆರುವ ಮುಂಚೆ, ದೂರದ ಮೊಬೈಲ್ ಟವರಿನ ತುದಿಗೆ ಗುರಿಯಿಟ್ಟು ಕೆಂಪು ಚುಕ್ಕೆಯ ಗುರಿಕಾರಕವನ್ನು ಹೊಂದಿಸಿ, ಕನ್ನಡಿ ತಣಿಯಲು ಅರ್ಧ ಗಂಟೆ ಹೊರಗಿಡಿ, ಕಡಿಮೆ ವರ್ಧನೆಯಿಂದ ಶುರು ಮಾಡಿ. ಗ್ರಹ ನೋಟದಿಂದ ಜಾರಿತೇ? ಬೆರಳಲ್ಲಿ ತಳ್ಳಿ. ಭೂಮಿ ತಿರುಗುವುದು ಮಗುವಿನ ಅನುಭವಕ್ಕೆ ಬರುವ ಗಳಿಗೆ ಅದು. ಒಂದೇ ಕಟ್ಟುನಿಟ್ಟು: ಹಗಲಲ್ಲಿ ಅದು ಬೀರುವಿನೊಳಗೆ ಬೀಗದಲ್ಲಿರಲಿ. ಸೂರ್ಯನತ್ತ ತಿರುಗಿದರೆ ಕ್ಷಣದಲ್ಲಿ ಕಣ್ಣು ಹೋಗುತ್ತದೆ.

ವಿರೋಧ: ಮೇಜು ಎಲ್ಲಿದೆ?

ಸಾಧನ ಎಷ್ಟೇ ಒಳ್ಳೆಯದಿರಲಿ, ಅದಕ್ಕೆ ಅಲುಗದ ಮೇಜು ಬೇಕು. ಕತ್ತಲಿರುವುದು ಗದ್ದೆಯ ಬದುವಿನಲ್ಲಿ, ಹೇಮಾವತಿಯ ದಡದಲ್ಲಿ, ಊರಾಚೆಯ ಬಯಲಿನಲ್ಲಿ, ಮೇಜಿರುವುದು ಶಾಲೆಯೊಳಗೆ. ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟರೆ 65 ಪಟ್ಟು ವರ್ಧನೆಯಲ್ಲಿ ಕುರ್ಚಿಯ ನಡುಕವೂ 65 ಪಟ್ಟು. ತಾರಸಿಯ ಗೋಡೆಯ ಮೇಲಿಡುವುದಂತೂ ಮಕ್ಕಳಿಗೂ ಸಾಧನಕ್ಕೂ ಅಪಾಯ. ಆರು ಕಿಲೋ ಹಗುರ ಎನ್ನುವವರು ಗಟ್ಟಿ ಮೇಜಿನ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಧ್ರುವ ತಗ್ಗಿನಲ್ಲಿದೆ ಎಂಬ ವಾದ ಸರಿ. ಆದರೆ ಅದೇ ಅಕ್ಷಾಂಶದಿಂದಾಗಿ ಚಂದ್ರನೂ ಗ್ರಹಗಳೂ ಎಷ್ಟೋ ತಿಂಗಳು ನಮ್ಮ ನೆತ್ತಿಯ ಹತ್ತಿರ ಹಾದುಹೋಗುತ್ತವೆ. ತಿರುಗುಪೀಠ ಸೋಲುವುದು ನೆತ್ತಿಯಲ್ಲೇ: ಗ್ರಹ ಕೂದಲೆಳೆ ಸರಿದರೂ ಪೀಠವನ್ನು ಬಹಳಷ್ಟು ಸುತ್ತಬೇಕು. 65 ಪಟ್ಟಿನಲ್ಲಿ ಗುರು ನೋಟದ ಒಂದಂಚಿನಿಂದ ಇನ್ನೊಂದಂಚಿಗೆ ಹೋಗಲು ಸುಮಾರು ಮೂರು ನಿಮಿಷ ಸಾಕು. ನಲವತ್ತು ಮಕ್ಕಳ ಸಾಲಿನಲ್ಲಿ ಮೂರು-ನಾಲ್ಕು ಮಂದಿ ನೋಡುವಷ್ಟರಲ್ಲಿ ಗ್ರಹ ಹೊರಗೆ; ಮುಂದಿನ ಮಗುವಿಗೆ ಬರೀ ಕಪ್ಪು. ಬೆರಳಲ್ಲಿ ತಳ್ಳಿ ಹಿಡಿಯುವುದು ಕೈ ಪಳಗಿದವರಿಗೆ ಪಾಠ, ಹೊಸಬರಿಗೆ ನಿರಾಸೆ.

ಬಸ್ಸಿನ ಮಾತು ಬಂತು. ಈ ಗಿಡ್ಡ ಕೊಳವೆಗಳ ಸಂಗಮ ದೂರ ವ್ಯಾಸದ ನಾಲ್ಕೈದು ಪಟ್ಟು ಮಾತ್ರ. ಎರಡು ಕನ್ನಡಿಗಳು ಒಂದಕ್ಕೊಂದು ತುಸು ಓರೆಯಾದರೂ ನಕ್ಷತ್ರ ಚುಕ್ಕೆಯಾಗಿ ಉಳಿಯದೆ ಬಾಲ ಬಿಡುತ್ತದೆ. ಗುಂಡಿ ಬಿದ್ದ ರಸ್ತೆಯ ಕುಲುಕಾಟಕ್ಕೆ ಅಷ್ಟು ಓರೆ ದೊಡ್ಡ ಮಾತಲ್ಲ. ಅದನ್ನು ಸರಿಪಡಿಸುವ ಕೈಚಳಕ ಶಾಲೆಯಲ್ಲಿ ಒಬ್ಬರಿಗಾದರೂ ಇರಬೇಕು. ಆ ಶಿಕ್ಷಕರಿಗೆ ವರ್ಗಾವಣೆಯಾದರೆ ದೂರದರ್ಶಕ ಕಪಾಟು ಸೇರುತ್ತದೆ. ಮುಂಭಾಗ ತೆರೆದಿರುವ ಮಾದರಿಗಳಾದರೆ ಬೀದಿಯ ಎಲ್‌ಇಡಿ ದೀಪದ ಬೆಳಕೂ ಒಳಗೆ ನುಗ್ಗುತ್ತದೆ. ಅರೆಮಲೆನಾಡಾದ ಅರಕಲಗೂಡಿನ ಕಡೆ ಜೂನ್‌ನಿಂದ ತಿಂಗಳುಗಟ್ಟಲೆ ಮೋಡ, ತೇವ. ಆಗ ಕಣ್ಣುಮಸೂರಕ್ಕೆ ಬೂಷ್ಟು ಹತ್ತದಂತೆ, ಕನ್ನಡಿಯ ಅಲ್ಯೂಮಿನಿಯಂ ಲೇಪ ಕೆಡದಂತೆ ಕಾಯುವವರು ಬೇಕು.

ಹಾಗಾದರೆ ಏನು ಕೊಳ್ಳಬೇಕು? ಶಾಲೆಗೆ ಮೊದಲು 10×50 ಬೈನಾಕ್ಯುಲರ್ ಬರಲಿ. ಕನ್ನಡಿ ಹೊಂದಿಸುವ ಕೆಲಸವಿಲ್ಲ, ತಲೆಕೆಳಗಾದ ಚಿತ್ರವಿಲ್ಲ. ಚಂದ್ರನ ಕುಳಿಗಳು, ಕೃತ್ತಿಕೆ, ಮಹಾವ್ಯಾಧನ ನೀಹಾರಿಕೆ, ಒಮೇಗ ಸೆಂಟಾರಿಯ ಮಸುಕು ಉಂಡೆ ಎಲ್ಲವೂ ಸಿಗುತ್ತವೆ. ಜಿ.ಟಿ. ನಾರಾಯಣರಾವ್ ಕನ್ನಡಿಗರಿಗೆ ಬರಿಗಣ್ಣಿನ ನಕ್ಷತ್ರ ವೀಕ್ಷಣೆಯನ್ನು ಕಲಿಸಿದವರು. ಆ ಮೆಟ್ಟಿಲು ಹತ್ತಿದ ಮಗುವಿಗೆ ಯಾವ ದೂರದರ್ಶಕ ಕೊಟ್ಟರೂ ಎತ್ತ ತಿರುಗಿಸಬೇಕೆಂಬುದು ಗೊತ್ತಿರುತ್ತದೆ.

ಬೈನಾಕ್ಯುಲರಿನಲ್ಲಿ ಶನಿಯ ಬಳೆ ಕಾಣುವುದಿಲ್ಲ, ನಿಜ. ಅದಕ್ಕೆ ಹಲವು ಶಾಲೆಗಳು ಸೇರಿ ತಾಲ್ಲೂಕಿಗೊಂದು 150 ಮಿ.ಮೀ. ಕನ್ನಡಿಯ, 1,200 ಮಿ.ಮೀ. ಸಂಗಮ ದೂರದ ದೂರದರ್ಶಕ ಕೊಳ್ಳಲಿ. ಅದು ನೆಲದ ಮೇಲೇ ನಿಲ್ಲುತ್ತದೆ, ಮೇಜು ಕೇಳುವುದಿಲ್ಲ. ಕನ್ನಡಿ ತುಸು ಓರೆಯಾದರೂ ಸಹಿಸುತ್ತದೆ. ಅದೇ 10 ಮಿ.ಮೀ. ಕಣ್ಣುಮಸೂರದಲ್ಲಿ 120 ಪಟ್ಟು ತೋರಿಸುತ್ತದೆ. ಭಾರದ್ದು, ನೆತ್ತಿಯ ತೊಂದರೆ ಅದಕ್ಕೂ ಇದೆ. ಆದರೆ ಅದನ್ನು ನಡೆಸಲು ತಾಲ್ಲೂಕಿನಲ್ಲಿ ಇಬ್ಬರು ಶಿಕ್ಷಕರು ಚೆನ್ನಾಗಿ ಕಲಿತರೆ ಸಾಕು. ಶಾಲೆಗೊಂದು ಸಾಧನ ಹಂಚುವ ಮುಂಚೆ ತಾಲ್ಲೂಕಿಗೆ ಇಬ್ಬರನ್ನು ತಯಾರು ಮಾಡಿ.