ಹಿನ್ನೆಲೆ ಸಂಗೀತವೂ ಧ್ವನಿತತ್ತ್ವವೂ

‘ಕವಿರಾಜಮಾರ್ಗ’ವು ಧ್ವನಿಯನ್ನು ಅಲಂಕಾರಗಳಲ್ಲಿ ಒಂದೆಂದು ಎಣಿಸಿತು. ಚಲನಚಿತ್ರದ ಹಿನ್ನೆಲೆ ಸಂಗೀತಕ್ಕೆ ನಮ್ಮ ವಿಮರ್ಶೆಯಲ್ಲಿ ಇಂದಿಗೂ ಅಂಥದೇ ಸ್ಥಾನ. ಅದು ದೃಶ್ಯಕ್ಕೆ ತೊಡಿಸಿದ ಆಭರಣ ಮಾತ್ರವೆಂಬ ಭಾವನೆ. ಈ ನಿಲುವು ಒಪ್ಪತಕ್ಕದ್ದಲ್ಲ.

ಹಿಚ್‌ಕಾಕನ ‘ಸೈಕೋ’ (1960) ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ರಚಿಸಿದ ಸಂಗೀತವನ್ನು ಗಮನಿಸಬಹುದು. ಪಾಶ್ಚಾತ್ಯ ವಾದ್ಯವೃಂದದ ಸುಷಿರವಾದ್ಯ, ತಾಳವಾದ್ಯಗಳನ್ನೆಲ್ಲ ಕೈಬಿಟ್ಟು ಹರ್ಮನ್ ತಂತಿವಾದ್ಯಗಳನ್ನಷ್ಟೇ ಉಳಿಸಿಕೊಂಡನು. ಕಪ್ಪು-ಬಿಳುಪಿನ ಚಿತ್ರಕ್ಕೆ ಕಪ್ಪು-ಬಿಳುಪಿನ ನಾದವೇ ತಕ್ಕುದೆಂಬುದು ಅವನ ಎಣಿಕೆ. ಕ್ಷೇಮೇಂದ್ರನ ಔಚಿತ್ಯವಿಚಾರಕ್ಕೆ ಇದೊಂದು ಉತ್ತಮ ನಿದರ್ಶನ.

ಸ್ನಾನಗೃಹದ ಕೊಲೆಯ ದೃಶ್ಯದಲ್ಲಿ ಪಿಟೀಲುಗಳು ಚೀರುವುದು ಲೋಕಪ್ರಸಿದ್ಧ. ಅಲ್ಲಿ ಸಂಗೀತವೇ ಬೇಡವೆಂದಿದ್ದ ಹಿಚ್‌ಕಾಕ್, ಹರ್ಮನ್‌ನ ರಚನೆಯನ್ನು ಕೇಳಿ ಮನಸ್ಸು ಬದಲಿಸಿದನು. ಆದರೆ ಅದಕ್ಕೂ ಮಹತ್ತ್ವದ್ದು ಮುಂಚಿನ ಪ್ರಯಾಣದ ದೃಶ್ಯ. ಕದ್ದ 40,000 ಡಾಲರುಗಳೊಡನೆ ಮೇರಿಯನ್ ಕಾರು ಓಡಿಸುತ್ತಿದ್ದಾಳೆ. ಕಾಣುವುದು ಮುಖ, ರಸ್ತೆ, ಮಳೆ. ಕೇಳುವುದು ಅವಳು ಕಲ್ಪಿಸಿಕೊಂಡ ಪರರ ಮಾತು. ಮಾತಿನಲ್ಲಿ ಶಂಕೆ ವಾಚ್ಯವಾಗುತ್ತದೆ. ಅಂತರಂಗದ ತಲ್ಲಣ ವ್ಯಂಗ್ಯವಾಗುವುದು ತಂತಿಗಳ ಎಡೆಬಿಡದ ಮಿಡಿತದಲ್ಲಿ.

ವಾಚ್ಯವು ತಿಳಿದೊಡನೆ ಮುಗಿಯುತ್ತದೆ. ವ್ಯಂಗ್ಯವು ಮರಳಿ ಮರಳಿ ಕರೆಯುತ್ತದೆ. ಕೊಲೆಗಾರ ಯಾರೆಂದು ಬಲ್ಲವರನ್ನೂ ಈ ಸಂಗೀತ ಇಂದಿಗೂ ಹಿಡಿದಿಡುವುದು ಇದರಿಂದಲೇ. ಅರ್ಥವಾಚಕವಲ್ಲದ ಗೀತಶಬ್ದವೂ ರಸವನ್ನು ವ್ಯಂಜಿಸಬಲ್ಲದೆಂದು ಆನಂದವರ್ಧನನೇ ಒಪ್ಪಿದ್ದಾನೆ. ಹೀಗಿರಲು ಧ್ವನಿತತ್ತ್ವವನ್ನು ಪಠ್ಯದ ಪದ್ಯಗಳಿಗಷ್ಟೇ ಕಟ್ಟಿಹಾಕಿ ಬೋಧಿಸುವುದು ಆ ತತ್ತ್ವಕ್ಕೇ ಅನ್ಯಾಯ. ಕಾವ್ಯಮೀಮಾಂಸೆಯ ತರಗತಿಯಲ್ಲಿ ಇಂಥ ಸಂಗೀತವೂ ಕೇಳಿಬರಲಿ.