ಬಡಿಸುವವರು ನಮ್ಮವರಾದಾಗ

ಮಕ್ಕಳ ರೋಬೋಟಿಕ್ಸ್ ಸ್ಪರ್ಧೆಗಳು ನಡೆಯುವುದು ಬಹುಮಟ್ಟಿಗೆ ಸಂಬಳವಿಲ್ಲದ ಕೈಗಳಿಂದ. ಮೇಜು ಜೋಡಿಸುವವರು, ತಂಡಗಳನ್ನು ಸಾಲಿಗೆ ನಿಲ್ಲಿಸುವವರು, ಗಡಿಯಾರ ಹಿಡಿಯುವವರು, ಅಂಕ ಬರೆಯುವವರು, ಊಟದ ಉಸ್ತುವಾರಿ ನೋಡುವವರು ಹೆಚ್ಚಿನಂಶ ಸ್ವಯಂಸೇವಕರೇ. ಅವರಲ್ಲಿ ಅನೇಕರು ಸ್ಪರ್ಧಿಸುವ ಮಕ್ಕಳ ತಂದೆತಾಯಿಗಳು, ಶಿಕ್ಷಕರು, ನನ್ನಂತಹ ನಿವೃತ್ತ ಅಜ್ಜಂದಿರು. ಸರ್ಜಾಪುರದ ಕಡೆ ಮನೆಗೊಬ್ಬ ಐ.ಟಿ. ಇಂಜಿನಿಯರ್ ಇರುವುದರಿಂದ ತಂಡಗಳಿಗೆ ಮಾರ್ಗದರ್ಶಕರ ಕೊರತೆಯಿಲ್ಲ. ಕೊರತೆಯಿರುವುದು ಯಾವ ತಂಡಕ್ಕೂ ಸೇರದ ಸ್ವಯಂಸೇವಕರದು. ನನ್ನ ಮೊಮ್ಮಗಳ ತಂಡ ಸ್ಪರ್ಧಿಸಿದ ದಿನ ನನಗೂ ಕರೆ ಬಂತು: "ಸರ್, ನೀವು ಇಂಜಿನಿಯರ್, ರೆಫರಿಯಾಗಿ ನಿಲ್ಲಿ." ನಾನು ಮೇಜು ಜೋಡಿಸುವ ಕೆಲಸ ಕೇಳಿ ಪಡೆದೆ. ಮಕ್ಕಳ ಆಟಕ್ಕೆ ಇಷ್ಟೆಲ್ಲ ಮಡಿಯೇ ಎಂದು ಕೆಲವರು ನಕ್ಕರು.

ಮಡಿಯಲ್ಲ, ಲೆಕ್ಕ. 1998ರಲ್ಲಿ ಆರಂಭವಾದ ಫಸ್ಟ್ ಲೆಗೋ ಲೀಗನ್ನೇ ನೋಡಿ. ರೋಬೋ ಪಂದ್ಯ ಎರಡೂವರೆ ನಿಮಿಷದ್ದು. ಸಾಮಾನ್ಯವಾಗಿ ಮೂರು ಸುತ್ತು ಆಡಿಸಿ, ಅತಿ ಹೆಚ್ಚು ಅಂಕ ಬಂದ ಒಂದೇ ಸುತ್ತನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ರೋಬೋ ತನ್ನ ನೆಲೆಯಿಂದ ಹೊರಗಿರುವಾಗ ಮಗು ಅದನ್ನು ಮುಟ್ಟಿ ತಡೆದರೆ ಟೋಕನ್ ಹೋಗುತ್ತದೆ, ಅದರೊಂದಿಗೆ ಅಂಕವೂ. ಒಂದು ಇಟ್ಟಿಗೆ ಗೆರೆ ದಾಟಿತೇ ಇಲ್ಲವೇ ಎಂಬುದು ಕೂದಲೆಳೆಯ ಮಾತು. ನಿರ್ಧರಿಸಲಾಗದಷ್ಟು ಸೂಕ್ಷ್ಮವಾಗಿದ್ದರೆ ಸಂಶಯದ ಲಾಭ ತಂಡಕ್ಕೆ ಸಲ್ಲಬೇಕು ಎಂದು ನಿಯಮವೇ ಹೇಳುತ್ತದೆ. ಬಹಳ ಒಳ್ಳೆಯ ನಿಯಮ. ಆದರೆ ರೆಫರಿ ಆ ಮಗುವಿನ ಅಜ್ಜನಾಗಿದ್ದರೆ ಸಂಶಯ ಎಲ್ಲಿಂದ ಆರಂಭವಾಗುತ್ತದೆ? ಬಡಿಸುವವರು ನಮ್ಮವರಾದರೆ ಯಾವ ಪಂಕ್ತಿಯಲ್ಲಿ ಕುಳಿತರೇನು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಇದರ ತಿರುವುಮುರುವೂ ಉಂಟು. ಹೆಸರು ಕೆಡದಿರಲೆಂದು ತನ್ನ ಮಗಳಿಗೇ ಒಂದು ಅಂಕ ಕಡಿಮೆ ಹಾಕುವ ತಂದೆಯೂ ಅನ್ಯಾಯವನ್ನೇ ಮಾಡುತ್ತಾನೆ.

ನಾನು ದುಡಿದ ಇಲಾಖೆಯಲ್ಲಿ ಅಳತೆ ಪುಸ್ತಕಕ್ಕೆ ಬರೆದದ್ದನ್ನು ಮೇಲಿನ ಅಧಿಕಾರಿ ಮರು ಅಳತೆ ಮಾಡಬೇಕಿತ್ತು. ಕಾಂಕ್ರೀಟ್ ಕ್ಯೂಬನ್ನು 28ನೇ ದಿನ ಒಡೆದು ನೋಡುವ ಗುಣನಿಯಂತ್ರಣ ವಿಭಾಗವೇ ಬೇರೆ. ಕಿರಿಯ ಇಂಜಿನಿಯರನನ್ನು ಕಳ್ಳನೆಂದು ಭಾವಿಸಿ ಮಾಡಿದ ವ್ಯವಸ್ಥೆ ಅದಲ್ಲ. ಪ್ರಾಮಾಣಿಕನಿಗೇ ಅದರಿಂದ ಹೆಚ್ಚು ರಕ್ಷಣೆ.

ರೆಫರಿಯ ಮುಂದೆ ಗೆರೆಯಾದರೂ ಇದೆ. ಮಕ್ಕಳ ಸಂಶೋಧನಾ ಯೋಜನೆ, ರೋಬೋ ವಿನ್ಯಾಸ, ಒಗ್ಗಟ್ಟು ಇವನ್ನು ಅಳೆಯುವ ತೀರ್ಪುಗಾರರ ಕೋಣೆಯಲ್ಲಿ ಅದೂ ಇಲ್ಲ. ಸಂಬಂಧವಿರುವ ತಂಡದ ಹೆಸರನ್ನು ಮೊದಲೇ ತಿಳಿಸಿ ಅದರ ತೀರ್ಪಿನಿಂದ ಹೊರಗುಳಿಯುವುದು ಅಲ್ಲಿನ ಶಿಸ್ತು. ನನ್ನ ಮಟ್ಟಿಗೆ ಇಷ್ಟು ಸಾಲದು. ಆ ಕೋಣೆಯಲ್ಲಿ ಕಿವಿಗೆ ಬಿದ್ದ ಇತರ ತಂಡಗಳ ಗುಟ್ಟು ಮಧ್ಯಾಹ್ನದ ಊಟದ ಹೊತ್ತಿಗೆ ಮನೆಯವರ ಕಿವಿ ಸೇರಬಾರದಲ್ಲ.

ಇದರ ಪೆಟ್ಟು ಬೀಳುವುದು ಯಾರಿಗೆ? 2016ರಲ್ಲಿ ಆರಂಭವಾದ ಅಟಲ್ ಇನ್ನೋವೇಶನ್ ಮಿಷನ್ ಆಯ್ದ ಶಾಲೆಗಳಿಗೆ ಟಿಂಕರಿಂಗ್ ಲ್ಯಾಬ್‌ಗಾಗಿ 20 ಲಕ್ಷ ರೂಪಾಯಿವರೆಗೆ ಅನುದಾನ ಕೊಟ್ಟಿದೆ. ಅಂಥ ಲ್ಯಾಬಿನಲ್ಲಿ ಕಲಿತು ಹಳ್ಳಿಯಿಂದ ಬರುವ ತಂಡದ ಜೊತೆ ಇರುವುದು ಒಬ್ಬರೇ ಮೇಷ್ಟ್ರು. ಸಭಾಂಗಣದಲ್ಲಿ ಆ ಮಕ್ಕಳ ಪಾಲಿಗೆ ಎಲ್ಲರೂ ಅಪರಿಚಿತರು. ಪಕ್ಕದ ಮೇಜಿನ ಹುಡುಗನನ್ನು ರೆಫರಿ ಮನೆಯ ಅಡ್ಡಹೆಸರಿನಿಂದ ಕರೆದರೆ, ಅಂಕ ಎಷ್ಟೇ ಸರಿಯಿದ್ದರೂ ಸೋತ ಮಗುವಿಗೆ ಅದು ಸರಿಯೆನಿಸುವುದಿಲ್ಲ. ಮುಂದಿನ ವರ್ಷ ಆ ಮೇಷ್ಟ್ರು ತಂಡ ಕರೆತರುವರೇ?

ಹಾಗೆಂದು ಪೋಷಕರನ್ನು ದೂರವಿಟ್ಟರೆ ಸ್ಪರ್ಧೆಯೇ ನಡೆಯದು. ಮೇಜು, ಸಾಲು, ಊಟ, ವಾಹನ ನಿಲುಗಡೆ ಅವರಿಗಿರಲಿ. ತೀರ್ಪು ಮಾತ್ರ ಹೊರಗಿನವರದಾಗಲಿ. ನಮ್ಮ ಮಠಗಳೇ ನಡೆಸುವ ಇಂಜಿನಿಯರಿಂಗ್ ಕಾಲೇಜುಗಳಿವೆ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಸಂಸ್ಥೆ 1963ರಷ್ಟು ಹಳೆಯದು. ಇಂಥ ಕಾಲೇಜುಗಳ ಇಪ್ಪತ್ತು ವಿದ್ಯಾರ್ಥಿಗಳು ನಿಯಮಪುಸ್ತಕ ಓದಿ, ಹಳೆಯ ಪಂದ್ಯಗಳ ವಿಡಿಯೋ ನೋಡಿ ಅಂಕ ಹಾಕುವ ಅಭ್ಯಾಸ ಮಾಡಿದರೆ ಸರ್ಜಾಪುರದ ಒಂದು ಸ್ಪರ್ಧೆಗೆ ಸಾಕಾಗುವಷ್ಟು ರೆಫರಿಗಳಾದರು. ಅವರ ಬಸ್ ಖರ್ಚು, ಎರಡು ದಿನದ ಊಟ ಮತ್ತು ವಸತಿಯನ್ನು ಇಲ್ಲಿನ ಪೋಷಕರು ಹಂಚಿಕೊಳ್ಳಬಹುದು.