ಗೂಬೆಯೂ ರೈತರ ಮಕ್ಕಳೂ

ನಮ್ಮ ಭಾಷೆಯಲ್ಲಿ ಗೂಬೆಗೆ ಒಳ್ಳೆಯ ಹೆಸರಿಲ್ಲ. ಮಂದಮತಿಯನ್ನು ಗೂಬೆಯೆನ್ನುತ್ತೇವೆ, ನಿರಪರಾಧಿಯ ಮೇಲೆ ತಪ್ಪು ಹೊರಿಸುವುದನ್ನು ಗೂಬೆ ಕೂರಿಸುವುದೆನ್ನುತ್ತೇವೆ. ಅದು ಮನೆಯನ್ನು ಹೊಕ್ಕರೆ ಶಾಂತಿ ಮಾಡಿಸುವವರು ಈಗಲೂ ಉಂಟು. ಹೀಗಿರುವಲ್ಲಿ, ಹಳ್ಳಿಯ ಮಗುವು ಈ ಪಕ್ಷಿಯನ್ನು ಕಣ್ಣಾರೆ ಕಾಣುವುದಕ್ಕೆ ಮುಂಚೆಯೇ ಅದಕ್ಕೆ ಹೆದರುವುದನ್ನು ಕಲಿತಿರುತ್ತದೆ. ಪೈರುಗಳ ರಕ್ಷಣೆಯ ವಿಷಯವಾಗಿ ನಾವು ರೈತರಿಗೆ ಹೇಳುವ ಮಾತುಗಳಲ್ಲಿ ಗೂಬೆಯ ಮಾತನ್ನು ಮಾತ್ರ ಮೊದಲು ಮಕ್ಕಳಿಗೆ ಹೇಳಬೇಕೆಂಬುದು ನನ್ನ ಅಭಿಪ್ರಾಯವಾಗಿದೆ.

ಕಳೆದ ಸುಗ್ಗಿಯಲ್ಲಿ ಸರ್ಕೀಟಿನ ಮೇಲೆ ಒಂದು ಗ್ರಾಮಕ್ಕೆ ಹೋಗಿದ್ದೆನು. ಅಲ್ಲಿ ಪಾಳುಬಿದ್ದ ಮನೆಯೊಂದರ ಅಟ್ಟದಲ್ಲಿ ಕಣಜಗೂಬೆಯು ಮರಿಮಾಡಿತ್ತು. ರಾತ್ರಿ ಅಲ್ಲಿಂದ ಬುಸುಗುಟ್ಟುವ ಸದ್ದನ್ನು ಕೇಳಿ ಭಯಗೊಂಡ ಹಿರಿಯರು ಹುಡುಗರಿಂದ ಗೂಡನ್ನು ಕೀಳಿಸಿದ್ದರು. ಮೂರು ಮರಿಗಳು ಅಂಗಳದಲ್ಲಿ ಸತ್ತು ಬಿದ್ದಿದ್ದವು. ಅದು ಹಸಿದ ಮರಿಗಳು ಆಹಾರಕ್ಕಾಗಿ ಮಾಡುವ ಸದ್ದೆಂದು ನಾನು ಹೇಳಲು ಹಿರಿಯರು ನಕ್ಕರು. ಬಳಿಕ ಅವರೇ, ರಾಗಿಯ ಮೆದೆಯಲ್ಲಿ ಇಲಿಗಳ ಕಾಟ ಹೆಚ್ಚಿದೆಯೆಂದು ಹೇಳಿ ಇಲಿಪಾಷಾಣವನ್ನು ಕೇಳಿದರು. ಹುಡುಗರು ಮಾತ್ರ ನನ್ನ ಸುತ್ತ ನಿಂತಿದ್ದರು. ಗೂಡಿನ ಕೆಳಗೆ ಬಿದ್ದಿದ್ದ ಕಪ್ಪು ಉಂಡೆಯೊಂದನ್ನು ಬಿಸಿನೀರಿನಲ್ಲಿ ನೆನೆಯಿಟ್ಟು, ಕಡ್ಡಿಯಿಂದ ಬಿಡಿಸಿ ಅವರಿಗೆ ತೋರಿಸಿದೆನು. ಕೂದಲುಗಳ ನಡುವೆ ಸಣ್ಣ ಇಲಿಗಳ ನಾಲ್ಕು ತಲೆಬುರುಡೆಗಳು ಹಲ್ಲುಗಳ ಸಮೇತ ದೊರೆತವು. ಗೂಡನ್ನು ಕಿತ್ತ ಹುಡುಗನೇ ಅವುಗಳನ್ನು ಎಣಿಸಿದನು. ಎಣಿಸಿದ ಮೇಲೆ ಮಾತನಾಡಲಿಲ್ಲ.

ಗೂಬೆಯು ಇಲಿಯನ್ನು ಸಾಮಾನ್ಯವಾಗಿ ಇಡಿಯಾಗಿ ನುಂಗಿ, ಜೀರ್ಣವಾಗದ ಮೂಳೆ ಕೂದಲುಗಳನ್ನು ಉಂಡೆಯಾಗಿ ಬಾಯಿಂದಲೇ ಹೊರಹಾಕುತ್ತದೆ. ಇದಕ್ಕಿಂತ ಉತ್ತಮವಾದ ಪಾಠೋಪಕರಣವು ಬೇಕಿಲ್ಲ. ಇದರೊಡನೆ ಉಪಾಧ್ಯಾಯರು ಇನ್ನೂ ಕೆಲವು ಸಂಗತಿಗಳನ್ನು ತಿಳಿಸಬಹುದು. ಕಣಜಗೂಬೆಯ ಕಿವಿಗಳೆರಡೂ ಒಂದೇ ಮಟ್ಟದಲ್ಲಿಲ್ಲ. ಒಂದು ತುಸು ಮೇಲೆ, ಮತ್ತೊಂದು ಕೆಳಗೆ ಇರುವುದರಿಂದ ಕಗ್ಗತ್ತಲೆಯಲ್ಲಿಯೂ ಅದು ಸಪ್ಪಳದಿಂದಲೇ ಇಲಿಯಿರುವ ಸ್ಥಳವನ್ನು ಗುರುತಿಸಬಲ್ಲುದು. ಗರಿಗಳ ಅಂಚು ಮೃದುವಾದ ಕುಚ್ಚಿನಂತಿರುವುದರಿಂದ ಹಾರುವಾಗ ಸದ್ದಾಗುವುದಿಲ್ಲ. ಕಣ್ಣುಗುಡ್ಡೆಯನ್ನು ಹೊರಳಿಸಲಾರದಾದ್ದರಿಂದ ಕತ್ತನ್ನೇ ಸುಮಾರು 270 ಡಿಗ್ರಿಗಳವರೆಗೆ ತಿರುಗಿಸುತ್ತದೆ. ಇದರಲ್ಲಿ ಮಾಟವೇನೂ ಇಲ್ಲ. ಮೊದಲನೆಯ ಮೊಟ್ಟೆಯಿಂದಲೇ ಕಾವು ಕೊಡುವುದರಿಂದ ಮರಿಗಳು ಒಂದೊಂದಾಗಿ ಹೊರಬಂದು, ಒಂದೇ ಗೂಡಿನಲ್ಲಿ ದೊಡ್ಡವೂ ಚಿಕ್ಕವೂ ಕಾಣುತ್ತವೆ. ಇನ್ನು, ಶುಭ ನುಡಿಯಿತೆಂದು ಬುಡುಬುಡಿಕೆಯವರು ಸಾರುವ ಹಾಲಕ್ಕಿಯೂ ಗೂಬೆಯ ಜಾತಿಯದೇ. ಅದು ದುಂಬಿ, ಮಿಡತೆ ಮೊದಲಾದ ಹುಳುಗಳನ್ನು ಹೆಚ್ಚಾಗಿ ತಿನ್ನುತ್ತದೆ. ಒಂದೇ ಜಾತಿಯ ಹಕ್ಕಿಗಳಲ್ಲಿ ಒಂದು ಶುಭ, ಇನ್ನೊಂದು ಅಶುಭವಾಗುವುದೆಂತು ಎಂದು ಮಕ್ಕಳೇ ವಿಚಾರಿಸಲಿ.

ಹೊಲವು ಹಿರಿಯರದಾಗಿರುವಾಗ ಮಕ್ಕಳಿಗೆ ಹೇಳಿ ಫಲವೇನೆಂದು ಕೆಲವರು ಕೇಳಬಹುದು. ಕಲ್ಲು ಹೊಡೆಯುವ ಕೈ ಹುಡುಗನದು. ಕೆಲವು ವರ್ಷಗಳಲ್ಲಿ ಹೊಲವೂ ಅವನದೇ ಆಗುವುದು. ಗೂಬೆಯೊಂದರಿಂದಲೇ ಇಲಿಗಳ ಕಾಟವು ಪೂರ್ತಿಯಾಗಿ ನೀಗುವುದೆಂದು ನಾನು ಹೇಳುವುದಿಲ್ಲ. ಬಿಲಗಳನ್ನು ಅಗೆಯುವುದೂ, ಬದುಗಳನ್ನು ಚೊಕ್ಕಟವಾಗಿಡುವುದೂ ಬೇಕೇ ಬೇಕು. ಆದರೆ ಕೂಲಿಯಿಲ್ಲದೆ ರಾತ್ರಿಯೆಲ್ಲಾ ದುಡಿಯುವ ಆಳನ್ನು ಓಡಿಸಿ ವಿಷಕ್ಕೆ ಹಣ ತೆರುವುದು ಬೇಸಾಯಗಾರನಿಗೆ ಲಕ್ಷಣವಲ್ಲ. ಮೇಲಾಗಿ, ವಿಷ ತಿಂದ ಇಲಿಯನ್ನು ತಿಂದು ಗೂಬೆಯೂ ಸಾಯುವ ಸಂಭವವುಂಟು. ಆದಕಾರಣ ಸತ್ತ ಇಲಿಗಳನ್ನು ತಪ್ಪದೆ ಹೂಳಿಸಬೇಕು. ಗೂಬೆಯನ್ನು ಹಿಡಿಯುವುದೂ ಕೊಲ್ಲುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೆಂಬುದನ್ನೂ ಮರೆಯಬಾರದು.

ಗ್ರಾಮದ ಉಪಾಧ್ಯಾಯರಲ್ಲಿ ನನ್ನ ಬಿನ್ನಹವಿಷ್ಟೆ: ವರ್ಷಕ್ಕೊಮ್ಮೆ ಮಕ್ಕಳನ್ನು ಹಗಲಿನಲ್ಲಿ ಗೂಬೆಯಿರುವ ಹಳೆಯ ಮರದ ಕೆಳಗೆ ಕರೆದೊಯ್ಯಿರಿ. ಗೂಡಿನ ತಂಟೆಗೆ ಹೋಗದೆ ಉಂಡೆಗಳನ್ನು ಮಾತ್ರ ಆಯ್ದು ತಂದು, ಬಿಸಿನೀರಿನಲ್ಲಿ ನೆನೆಸಿ ಬಿಡಿಸಿರಿ. ಆಮೇಲೆ ಎಲ್ಲರೂ ಸಾಬೂನಿನಿಂದ ಕೈ ತೊಳೆಯಲಿ. ಬುರುಡೆಗಳನ್ನು ಮಕ್ಕಳೇ ಎಣಿಸಿ, ಆ ಲೆಕ್ಕವನ್ನು ಮನೆಯಲ್ಲಿ ತಂದೆತಾಯಿಗಳಿಗೆ ಹೇಳಲಿ. ನನ್ನ ಮಾತಿಗೆ ನಗುವ ಹಿರಿಯರು ತಮ್ಮ ಮಗುವಿನ ಲೆಕ್ಕಕ್ಕೆ ಕಿವಿಗೊಡದಿರಲಾರರು.